ಎಲೆಯಲ್ಲಿ ಜೇನು ಸುರಿಸುವ ಕಿತ್ತಳೆ ಗಿಡ

ಅಯ್ಯೋ, ಸ್ಕೂಲ್ ವ್ಯಾನಿನ ವಿಷಯ ಎಲ್ಲಿಗೆ ಓಡಿಹೋಗುತ್ತೆ ಕಣೇ! ಡೀಸೆಲ್ ಹಾಕದೆ ಅದು ಎಲ್ಲಿಗೂ ಓಡಲ್ಲ. ಮೊದಲು ಗಿಡ ನೋಡು. ತಾರಸಿ ತನಕ ಹತ್ತಿ ಬಂದು ಬಾಗಿಲಲ್ಲೇ ಮುಖ ಊದಿಸ್ಕೊಂಡು ನಿಂತ್ರೆ ಗಿಡಕ್ಕೆ ಬೇಜಾರಾಗಲ್ವಾ? ಬಾ, ಹೀಗೆ ಬಾ. ಸೋದರಮಾವನ ಮನೆಗೆ ಬಂದು ಕಿತ್ತಳೆ ಗಿಡ ನೋಡದೆ ಹೋದವರು ಇಲ್ಲಿ ತನಕ ಯಾರೂ ಇಲ್ಲ. ಮೀಟರ್ ಓದೋಕೆ ಬರ್ತಾನಲ್ಲ ಕರೆಂಟಿನವನು, ಅವನೂ ಬಂದು ನೋಡಿ, ಬಾಯಿ ಬಿಟ್ಕೊಂಡು ನಿಂತು, ಮೀಟರನ್ನೇ ಮರೆತು ಹೋದ. ಆ ತಿಂಗಳು ನಮಗೆ ಬಿಲ್ಲೇ ಬರಲಿಲ್ಲ!

ಯಾಕೆ ನಗ್ತೀಯ? ಮಾವ ಮತ್ತೆ ರೈಲು ಬಿಡೋಕೆ ಶುರು ಮಾಡಿದ ಅಂತಾನಾ? ನಗು, ನಗು. ನಿನ್ನ ನಗು ಕೇಳಿ ಎಷ್ಟು ದಿನ ಆಯ್ತು.

ಹ್ಞಾಂ, ಇದೇ. ಪೇಂಟಿನ ಡ್ರಮ್ಮು ಅಂತ ಮೂಗು ಮುರೀಬೇಡ. ಅಡಿಯಲ್ಲಿ ತೂತು ಹೊಡೆದಿದ್ದು ನಾನೇ, ಮೊಳೆ ಕಾಯಿಸಿ. ಮಣ್ಣು, ಮರಳು, ಒಣಗಿದ ಸಗಣಿ ಎಲ್ಲ ಹದವಾಗಿ ಕಲಸಿದ್ದೂ ನಾನೇ. ನಿನ್ನತ್ತೆ ಏನು ಮಾಡಿದ್ಲು ಗೊತ್ತಾ? ಪಕ್ಕದಲ್ಲಿ ನಿಂತು ಮೂಗು ಮುಚ್ಕೊಂಡ್ಲು. ಹೂ ಬಿಟ್ಟ ಕಾಲದಲ್ಲಿ ನೀನು ಬರಬೇಕಿತ್ತು! ಇಡೀ ಬೀದಿ ಘಮ್ ಅಂತಿತ್ತು. ಊರಲ್ಲಿರೋ ಜೇನುಹುಳ ಎಲ್ಲ ಇಲ್ಲಿಗೇ ನುಗ್ಗಿ, ಗಾಳಿಯಲ್ಲಿ ಟ್ರಾಫಿಕ್ ಜಾಮ್! ಕೊನೆಗೆ ಒಂದು ದಪ್ಪ ಹುಳ ನಡುವೆ ನಿಂತು, ನೀನು ಹೋಗು, ನೀನು ನಿಲ್ಲು ಅಂತ ಕಾಲು ತೋರಿಸಿ ದಾರಿ ಬಿಡಿಸ್ತು. ನಾನೇ ಕಣ್ಣಾರೆ ಕಂಡೆ.

ಕಣ್ಣಾರೆ ಅಂದ್ರೆ ಯಾಕೆ ಹಾಗೆ ಗಂಟಲು ಸರಿ ಮಾಡ್ಕೊಳ್ತೀಯ?

ಆಯ್ತು ಮಹಾತಾಯಿ, ಆಯ್ತು. ಹೇಳಿಬಿಡು, ಹೊಟ್ಟೆಯಲ್ಲಿ ಇಟ್ಕೊಂಡ್ರೆ ಅಜೀರ್ಣ ಆಗುತ್ತೆ. ನಿನ್ನ ಮಗಳು ಮೊನ್ನೆ ಗೇಟಿನ ಮುಂದೆ ಬ್ಯಾಗು ಹಾಕ್ಕೊಂಡು ನಿಂತಿದ್ಲು, ಕೈ ಬೀಸಿದ್ಲು, ಅಜ್ಜ ವ್ಯಾನು ನಿಲ್ಲಿಸದೆ ಮುಂದೆ ಹೋದ. ಅಷ್ಟೇ ತಾನೆ? ಅಷ್ಟಕ್ಕೆ ಭಾನುವಾರ ಸಂಜೆ ಎರಡು ಬಸ್ಸು ಬದಲಾಯಿಸಿ ಬಂದ್ಯಾ? ಅರೆ, ಹಳದಿ ಫ್ರಾಕು ಹಾಕ್ಕೊಂಡು ಅಲುಗಾಡದೆ ನಿಂತ್ರೆ ಯಾರಿಗೆ ಗೊತ್ತಾಗುತ್ತೆ? ನಾನು ಯಾರೋ ಹೊಸದಾಗಿ ಹಳದಿ ಗೇಟು ಮಾಡಿಸಿದಾರೆ ಅಂದ್ಕೊಂಡೆ!

ನಗಲ್ವಾ? ಇದಕ್ಕೆ ವ್ಯಾನಿನಲ್ಲಿ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ಏನು? ಕೆಂಪು ಹಸಿರು ಆಟಾನಾ? ಅದನ್ನೂ ಹೇಳಿದ್ಲಾ ನಿನ್ನ ಮಗಳು? ಬಾಯಿಬಡುಕಿ, ಎಲ್ಲ ನಿನ್ನ ಥರಾನೇ. ಹೌದು, ಆಡಿಸ್ತೀನಿ. ಸಿಗ್ನಲ್ ಬಂದ ತಕ್ಷಣ ಮುಂದಿನ ಸೀಟಿನವರು ಬಣ್ಣ ಕೂಗಬೇಕು. ಮೊದಲು ಕೂಗಿದವರಿಗೆ ಪೆಪ್ಪರ್‌ಮಿಂಟು. ಅದು ಶಿಕ್ಷಣ ಕಣೇ! ಸ್ಕೂಲಲ್ಲಿ ಕಲಿಸದೆ ಇರೋದನ್ನ ನಾನು ಪುಕ್ಕಟೆ ಕಲಿಸ್ತೀನಿ. ನಾಳೆ ಅವಳು ದೊಡ್ಡ ಆಫೀಸರ್ ಆದಾಗ, ನಮ್ಮ ವ್ಯಾನಿನ ಅಜ್ಜ ಕಲಿಸಿದ ಪಾಠ ಅಂತ ಹೇಳ್ತಾಳೆ, ಬರೆದಿಟ್ಕೋ.

ಬಿಡು ಅದನ್ನ. ಹಣ್ಣು ನೋಡು ಮೊದಲು. ಹೇಗೆ ಹೊಳೀತಿವೆ! ಕೆಂಡ... ಕೆಂಡದುಂಡೆ ಕಟ್ಟಿ ತೂಗುಹಾಕಿದ ಹಾಗೆ. ರಾತ್ರಿ ಲೈಟೇ ಬೇಡ, ಇದರ ಬೆಳಕಲ್ಲಿ ನಿನ್ನತ್ತೆ ಅಕ್ಕಿಯಲ್ಲಿ ಕಲ್ಲು ಆರಿಸ್ತಾಳೆ.

ಹಸಿರಾ?

ಎಲ್ಲಾನೂ?

ಹ್ಞಾಂ... ಹಸಿರೇ ಮತ್ತೆ! ನಿನ್ನ ಪರೀಕ್ಷೆ ಮಾಡಿದೆ. ಈ ಜಾತಿ ಹಸಿರಲ್ಲೇ ಹಣ್ಣಾಗುತ್ತೆ. ಬಣ್ಣ ನೋಡಿ ಕೀಳೋರು ದಡ್ಡರು. ಬಣ್ಣಕ್ಕೆ ಮೋಸ ಹೋಗಬಾರದು. ಕೈಲಿ ಹಿಡೀಬೇಕು, ಹೀಗೆ. ಹಣ್ಣಾಗಿದ್ರೆ ಸಿಪ್ಪೆ ಒಳಗಿನ ತೊಳೆ ಬಿಟ್ಟು ಸಡಿಲ ಆಗಿರುತ್ತೆ, ಅಣ್ಣನ ಅಂಗಿ ತಮ್ಮ ಹಾಕ್ಕೊಂಡ ಹಾಗೆ. ಕಾಯಾಗಿದ್ರೆ ಬಿಗಿ. ಇಗೋ, ಇದು ಕಾಯಿ. ಇದೂ ಕಾಯಿ. ಇದು ನೋಡು, ಇದು ಹಣ್ಣು! ಒತ್ತಿದ್ರೆ ಪುಸ್ ಅಂತ ಒಳಗೆ ಹೋಗುತ್ತೆ. ನನ್ನ ಬೆರಳಿಗೆ ಎಲ್ಲ ಗೊತ್ತು. ಕಣ್ಣು ಮುಚ್ಕೊಂಡು ಹೇಳ್ತೀನಿ ಬೇಕಾದ್ರೆ.

ತೆರೆದುಕೊಂಡು ಹೇಳು ಅಂದ್ಯಾ? ಆಹಾ, ನಾಲಿಗೆ ನೋಡು! ನಮ್ಮಕ್ಕನ ಮಗಳು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಎಲೆ ಮುಟ್ಟು, ಎಲೆ ಮುಟ್ಟು. ಅಂಟ್ತಾ? ಹಾಗಾದ್ರೆ ಕೇಳು. ಲೋಕದಲ್ಲಿ ಎಲ್ಲ ಗಿಡಕ್ಕೂ ಹೂವಿನಲ್ಲಿ ಜೇನು. ನಮ್ಮ ಗಿಡಕ್ಕೆ ಎಲೆಯಲ್ಲೇ ಜೇನು! ಬೆಳಿಗ್ಗೆ ಬಂದು ಮುಟ್ಟಿದ್ರೆ ಬೆರಳು ಬಿಡಿಸೋಕೆ ಆಗಲ್ಲ. ನಾನು ನೆಕ್ಕಿ ನೋಡಿದೀನಿ, ಸಿಹಿ. ಇರುವೆಗಳು ಸಾಲುಗಟ್ಟಿ ಬರ್ತವೆ, ಎಲ್ಲೆಲ್ಲಿಂದಲೋ, ಹೆಂಡತಿ ಮಕ್ಕಳ ಸಮೇತ. ಕೈ ಮೇಲೆ ಹತ್ತಿ ಕಚಕಚ ಅಂತ ಕಚ್ಚಿ, ನಮ್ಮ ಗಿಡಾನ ಯಾಕೆ ಮುಟ್ತೀಯ ಅಂತ ನನ್ನನ್ನೇ ಜೋರು ಮಾಡ್ತವೆ.

ಏನು ಮಾಡ್ತಿದೀಯ? ಕೈ ಒರೆಸ್ತಿದೀಯಾ? ಜೇನನ್ನ ಯಾರಾದ್ರೂ ಒರೆಸ್ತಾರಾ?

ಕಪ್ಪಾ? ಏನು ಕಪ್ಪು? ಎಲೇನಾ? ಕಡುಹಸಿರು ಕಣೇ ಅದು! ಗೊಬ್ಬರ ಚೆನ್ನಾಗಿ ಬಿದ್ರೆ ಎಲೆ ಹಾಗೇ... ಕೈಗೆ ಹತ್ತಿದ್ಯಾ? ಮಸಿ ಹಾಗೆ? ಇಲ್ಲಿ ಕೊಡು ಕೈ. ಹ್ಞೂಂ... ಹೌದು, ಒಂಚೂರು. ಅದು ಧೂಳು. ಎದುರು ಮನೆಯವರು ಕಸ ಸುಡ್ತಾರೆ ಅಂತ ಸಾವಿರ ಸಲ ಹೇಳಿದೀನಿ. ಗಿಡಕ್ಕೆ ಸ್ನಾನ ಮಾಡಿಸಿದ್ರೆ ಆಯ್ತು.

ಯಾವ ಕೈ ಕೊಟ್ಟೆ ಅಂದ್ರೆ? ಕಪ್ಪಾಗಿರೋ ಕೈನೇ ತಾನೆ ನೀನು ಕೊಟ್ಟಿದ್ದು?

ಇದಲ್ವಾ?

ಇದು ಚೊಕ್ಕಟವಾಗಿರೋ ಕೈಯಾ... ಗೊತ್ತು ನನಗೆ! ಅದಕ್ಕೇ ಒಂಚೂರು ಅಂದೆ. ಒಂಚೂರು ಅಂದ್ರೆ ಇಲ್ಲ ಅಂತ ಅರ್ಥ. ನೀನು ಬುದ್ಧಿವಂತಿಕೆ ತೋರಿಸಬೇಡ, ನಿನಗೆ ಶೂ ಲೇಸು ಕಟ್ಟೋಕೆ ಕಲಿಸಿದವನು ನಾನು.

ಬಿಳಿ ಹತ್ತಿ ಅಲ್ಲ ಕಣೇ, ಅದು ಮೊಗ್ಗು. ಕೊಂಬೆ ಸಂದಿಯಲ್ಲಿ ಮೆತ್ತಗೆ ಇದೆಯಲ್ಲ, ನಾನೂ ಸವರಿದೀನಿ. ಮೆತ್ತಗೆ, ನುಣ್ಣಗೆ. ಹೊಸ ಹೂ ಬರ್ತಿದೆ. ಒಂದೇ ಗಿಡದಲ್ಲಿ ಹೂವೂ ಕಾಯೂ ಹಣ್ಣೂ, ಯಾರ ಮನೆಯಲ್ಲಿದೆ ಹೇಳು?

ಹುಳಾನಾ?

ಕಾಲಿದೆಯಾ ಅದಕ್ಕೆ? ಸರಿಯಾಗಿ ನೋಡಿದ್ಯಾ? ಗಿಡ ತುಂಬಾನಾ... ಆ ಅಂಟು ಅವುಗಳದ್ದೇನಾ... ಅವು ಸೋರಿಸಿದ್ದು, ಅದರ ಮೇಲೆ ಈ ಮಸಿ ಬೆಳೆದಿದ್ದು... ಹ್ಞೂಂ. ಹ್ಞೂಂ. ಗೊತ್ತಿತ್ತು ನನಗೆ. ನಾನೇ ಸಾಕಿದ್ದು ಅಂದ್ಕೋ. ಪಾಪ, ಅವೂ ಎಲ್ಲಿ ಹೋಗಬೇಕು? ಬಾಡಿಗೆ ಮನೆ ಸಿಗೋದೇ ಕಷ್ಟ. ಇರ್ಲಿ ಬಿಡು ಅಂತ...

ಯಾಕೆ ಸುಮ್ಮನಾದೆ?

ಅಳ್ತಿದೀಯಾ? ಹುಳ ಬಿದ್ದಿದ್ದಕ್ಕೆ ಯಾರಾದ್ರೂ ಅಳ್ತಾರಾ ಹುಚ್ಚಿ? ಸೋಪಿನ ನೀರು ಹೊಡೆದ್ರೆ ನಾಳೆ ಸಂಜೆಗೆ ಎಲ್ಲ ಗಂಟುಮೂಟೆ ಕಟ್ಕೊಂಡು ಹೊರಡ್ತವೆ. ಸಂಜೆ ಅಲ್ಲ, ಮಧ್ಯಾಹ್ನಾನೇ ಹೊಡೀತೀನಿ. ಮಧ್ಯಾಹ್ನದ ಟ್ರಿಪ್ಪು ಈಗ ನಾನು ಹೋಗಲ್ಲ. ಬಿಸಿಲು ಎದುರಿಗೆ ಬೀಳುತ್ತೆ ನೋಡು, ಅದಕ್ಕೆ... ಅದಕ್ಕೆ ಬೇರೆಯವನಿಗೆ ಬಿಟ್ಟೆ. ಬೆಳಿಗ್ಗೆದು ಮಾತ್ರ ನಂದು. ಬೆಳಿಗ್ಗೆ ರಸ್ತೆ ನನಗೆ ಬಾಯಿಪಾಠ. ಎಲ್ಲಿ ಹಳ್ಳ, ಎಲ್ಲಿ ಹಂಪು, ಯಾವ ಮನೆ ಮುಂದೆ ಯಾವ ನಾಯಿ ಮಲಗಿರುತ್ತೆ, ಎಲ್ಲ. ನಾಯಿಗಳಿಗೂ ನಾನು ಗೊತ್ತು. ಅವೇ ಎದ್ದು ದಾರಿ ಬಿಡ್ತವೆ.

ಮಾತಾಡ್ದೇ ನಿಂತ್ರೆ ಹೇಗೆ? ಬೈಯ್ಯೋದಿದ್ರೆ ಬೈಯ್ಯಿ.

ನೋಡು ಪುಟ್ಟಿ, ನೀನು ಏನು ಕೇಳೋಕೆ ಬಂದಿದೀಯ ಅಂತ ನನಗೆ ಗೊತ್ತು. ನಾಳೆ ಬೆಳಿಗ್ಗೆ ವ್ಯಾನು ತೆಗೀಬೇಡ ಅಂತೀಯ. ಸ್ಕೂಲಿಗೆ ಫೋನು ಮಾಡ್ತೀನಿ ಅಂತೀಯ. ಮಾಡು, ನಿನ್ನ ಮಗಳು ಅದರಲ್ಲಿ ಕೂತ್ಕೊಳ್ತಾಳೆ, ನಿನಗೆ ಹಕ್ಕಿದೆ. ಆದರೆ ಒಂದು ಮಾತು ಕೇಳು. ವ್ಯಾನಿನಲ್ಲಿ ಕೂತ್ರೆ ಮಾತ್ರ ನಾನು ನಾನು. ಹಿಂದೆ ಅಷ್ಟೊಂದು ಮಕ್ಕಳು, ಅಜ್ಜ ಕಥೆ ಹೇಳು, ಅಜ್ಜ ಸುಳ್ಳು ಹೇಳು ಅಂತ ಪ್ರಾಣ ತಿಂತಿರ್ತವೆ. ಹೋದ ವಾರ ಆನೆ ನನ್ನ ವ್ಯಾನಿನಲ್ಲಿ ಲಿಫ್ಟ್ ಕೇಳಿದ್ದು ಹೇಳಿದೆ. ಸೊಂಡಿಲು ಕಿಟಕಿಯಿಂದ ಹೊರಗೆ ಹಾಕ್ಕೊಂಡಿತ್ತು, ಅಂಗಡಿಯವನ ಬಾಳೆಗೊನೆ ಹೋಯ್ತು ಅಂತ. ನಿನ್ನ ಮಗಳು ನಕ್ಕೂ ನಕ್ಕೂ ಬಿಕ್ಕಳಿಕೆ ತರಿಸ್ಕೊಂಡ್ಲು. ಮನೆಯಲ್ಲಿ ಕೂತು ಯಾರಿಗೆ ಹೇಳಲಿ ಅದನ್ನ? ನಿನ್ನತ್ತೆ ಎಲ್ಲ ಕೇಳಿ ಮುಗಿಸಿದಾಳೆ. ಈಗ ನಾನು ಬಾಯಿ ತೆಗೆದ್ರೆ ಅವಳು ಟೀವಿ ಜೋರು ಮಾಡ್ತಾಳೆ.

ಅವಳಿಗೂ ಗೊತ್ತಿಲ್ಲ... ಏನು ಗೊತ್ತಿಲ್ಲ ಅಂದ್ರೆ, ಏನಿದೆ ಗೊತ್ತಾಗೋಕೆ? ಏನೂ ಇಲ್ಲ. ಸ್ವಲ್ಪ ಮಂಜು. ಬೆಳಿಗ್ಗೆ ಬೆಳಿಗ್ಗೆ ಎಲ್ಲರಿಗೂ ಮಂಜು ಇರುತ್ತೆ. ಕನ್ನಡಕ ಒರೆಸಿದ್ರೆ ಹೋಗುತ್ತೆ.

ಹ್ಞೂಂ ಅನ್ನು. ಬೇಡ ಅಂದ್ರೂ ಸರಿ, ಏನಾದ್ರೂ ಅನ್ನು.

ಸರಿ. ನೀನು ಗಟ್ಟಿಗಿತ್ತಿ. ಕೈ ಕಟ್ಕೊಂಡು ಹಾಗೇ ನಿಂತಿದೀಯ, ಆ ಮೂಲೆಯಲ್ಲಿ, ಬಿಳಿ ಬಟ್ಟೆ ಹಾಕ್ಕೊಂಡು, ನಮ್ಮಕ್ಕ ಕೋಪ ಬಂದಾಗ ನಿಲ್ತಿದ್ಲಲ್ಲ, ಥೇಟ್ ಹಾಗೇ. ಮಾವನ ಕಣ್ಣಿಗೆ ಎಲ್ಲ ಕಾಣುತ್ತೆ! ತಲೆ ಅಲ್ಲಾಡಿಸ್ತಿರೋದೂ ಕಾಣ್ತಿದೆ. ಆಗಲ್ಲ ಅಂತಾನಾ? ಹೀಗೆ ಹೀಗೆ ಅಲ್ಲಾಡಿಸಿದ್ರೆ ಕತ್ತು ಉಳುಕುತ್ತೆ.

ತಗೋ, ಜಗಳ ಬೇಡ. ಈ ಹಣ್ಣು ನಿನ್ನ ಮಗಳಿಗೆ. ಇಡೀ ಗಿಡದಲ್ಲಿ ಇದೊಂದೇ ಪಕ್ಕಾ ಹಣ್ಣಾಗಿರೋದು, ಹುಳ ಗಿಳ ಏನಿಲ್ಲ, ನಾನು ಒರೆಸಿ ಕೊಡ್ತಿದೀನಿ. ಅಜ್ಜ ನಾಳೆ ಗೇಟಿನ ಮುಂದೆ ನಿಲ್ಲಿಸ್ತಾನೆ ಅಂತ ಹೇಳು. ಹಾರನ್ನು ಹೊಡೀತಾನೆ. ಅವಳು ಒಂದು ಸಲ ಅಜ್ಜಾ ಅಂತ ಕೂಗಿದ್ರೆ ಸಾಕು, ನಾನು... ತಗೋಳೇ. ಎಷ್ಟು ಹೊತ್ತು ಕೈ ಚಾಚ್ಕೊಂಡು ನಿಲ್ಲಿಸ್ತೀಯ ಮುದುಕನ್ನ? ಕೋಪ ಇದ್ರೆ ನನ್ನ ಮೇಲೆ, ಹಣ್ಣು ಏನು ಮಾಡಿತ್ತು? ಬಂದೆ, ನಾನೇ ಬಂದೆ. ಹಿಡಿ. ಹಿಡ್ಕೋ ಅಂದೆ...

ಒದ್ದೆ.

ಇದು... ಬೆಡ್‌ಶೀಟು.

ನಿನ್ನತ್ತೆ ಒಗೆದು ಹಾಕಿರೋ ಬೆಡ್‌ಶೀಟು. ಗಾಳಿಗೆ...

ಹ್ಹ ಹ್ಹ! ಹೇಗೆ ಏಮಾರಿಸಿದೆ! ಬೆಡ್‌ಶೀಟಿಗೆ ಹಣ್ಣು ಕೊಟ್ಟ ಮಾವ! ಬೇಕಂತಲೇ ಮಾಡಿದ್ದು ಕಣೇ, ನೀನು ನಗಲಿ ಅಂತ... ನೀನು...

ಹಿಂದೆ ಇದೀಯಾ? ಗಿಡದ ಹತ್ರ? ಇಲ್ಲ... ಇದು ಕೊಂಬೆ.

ಚಪ್ಪಲಿ ಬಿಚ್ಚಿಬಿಟ್ಟೆಯಾ, ಸದ್ದಾಗದ ಹಾಗೆ? ಯಾವಾಗ ಬಿಚ್ಚಿದೆ? ಆವಾಗಿನಿಂದ ನಾನು ಆನೆ ಕಥೆ, ಮಂಜಿನ ಕಥೆ, ಎಲ್ಲ ಈ ಬೆಡ್‌ಶೀಟಿಗೇ ಹೇಳ್ತಿದ್ನಾ... ನೀನು ನೋಡ್ತಾನೇ ಇದ್ಯಾ?

ಕೆಳಗೆ ಇಳಿದುಹೋಗಿಲ್ಲ ತಾನೆ? ಇಲ್ಲ. ಉಸಿರು ಕೇಳುತ್ತೆ. ಇಲ್ಲೇ ಎಲ್ಲೋ ಇದೀಯ.

ಪುಟ್ಟಿ... ನಾಳೆ ತೆಗೆಯಲ್ಲ. ವ್ಯಾನು ತೆಗೆಯಲ್ಲ, ಆಯ್ತಾ? ನೀನೇ ಫೋನು ಮಾಡು. ಈಗ ಒಂದು ಮಾತಾಡು. ಎಲ್ಲಿದೀಯ ಅಂತ ಗೊತ್ತಾಗೋಷ್ಟಾದ್ರೂ ಮಾತಾಡಮ್ಮ.