ಪೆಡಲಿನ ಮೇಲಿನ ಪಾದ

ದೀಪ ಸಣ್ಣದು ಮಾಡಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ... ನಮ್ಮ ಕ್ಲಿಯೋರಾ ದೊಡ್ಡಮ್ಮನ ಮಗ ಎಜೆಲ್‌ಗೆ ಆದದ್ದು.

ಆ ರಾತ್ರಿ ಅವನು ಚರ್ಚಿಗೆ ಬೀಗ ಹಾಕಿ ಮನೆಗೆ ಹೊರಟಿದ್ದ. ಕಿತ್ತಳೆ ತೋಟ ದಾಟಿದರೆ ಪಾಚಿ ಜೋತುಬಿದ್ದ ದೊಡ್ಡ ಓಕ್ ಮರ. ಅದರ ಕೆಳಗೆ ನಿಂತು ಅತ್ತನಂತೆ. ಮೂವತ್ತು ದಾಟಿದ ಗಂಡಸು.

ದೊಡ್ಡಮ್ಮ ಹಾಸಿಗೆ ಹಿಡಿದು ತಿಂಗಳುಗಳಾಗಿದ್ದವು. ಡಾಕ್ಟರು ಕೈಬಿಟ್ಟಿದ್ದರು. ಅವಳದು ಒಂದೇ ಆಸೆ. "ಚರ್ಚಿನ ಸ್ಟೀಲ್ ಗಿಟಾರು ಅಳೋದನ್ನ ಕೇಳ್ಕೊಂಡು ಹೋಗ್ತೀನಿ ಕಣೋ. ಟೊಲಿವರ್ ನುಡಿಸ್ತಿದ್ನಲ್ಲ, ಹಾಗೆ."

ಬ್ರದರ್ ಟೊಲಿವರ್ ಸತ್ತ ಮೇಲೆ ನಮ್ಮ ಚರ್ಚಿನ ಪೆಡಲ್ ಸ್ಟೀಲ್ ಗಿಟಾರ್ ಮುಟ್ಟುವವರಿರಲಿಲ್ಲ. ಅಮ್ಮನಿಗೋಸ್ಕರ ಎಜೆಲ್ ಕಲಿಯಲು ಕೂತ. ಎಡಗೈಯ ಉಕ್ಕಿನ ಸರಳು ತಂತಿಯ ಮೇಲೆ ಜಾರಬೇಕು, ಬಲಗೈ ಮೀಟಬೇಕು, ಅದೇ ಹೊತ್ತಿಗೆ ಪಾದ ಪೆಡಲ್ ಒತ್ತಿ ಸ್ವರವನ್ನು ಮೇಲಕ್ಕೆಳೆಯಬೇಕು. ಇವನ ಕೈ ಒಂದು ಕಡೆ, ಕಾಲು ಇನ್ನೊಂದು ಕಡೆ.

"ಅಳೋದಿರಲಿ ಅಣ್ಣಾ, ಬೆಕ್ಕಿನ ಬಾಲ ತುಳಿದಂಗಿದೆ," ಅಂತ ತಂಗಿ ವರ್ಲೀನ್ ಚುಡಾಯಿಸೋಳು. ಆ ಸಂಜೆ ಅವಳ ನಗುವೂ ನಿಂತಿತ್ತು. "ಅಮ್ಮ ಈ ರಾತ್ರಿ ದಾಟೋಲ್ಲ... ನೀನು ಚರ್ಚಲ್ಲಿ ನುಡಿಸಿದ್ದು ಕೇಳಿಸ್ಲಿ ಅಂತ ಕಿಟಕಿ ತೆಗೆದಿಟ್ಟಿದೀನಿ. ನಿನ್ನನ್ನೇ ಕೇಳ್ತಾ ಮಲಗಿದಾಳೆ."

ಚರ್ಚಿಗೆ ಓಡಿದ. ನುಡಿಸಿದ. ಆಗಲಿಲ್ಲ.

ಈಗ ಮರದ ಕೆಳಗೆ... ಬೆನ್ನ ಹಿಂದಿನಿಂದ... ಊಂ... ಊಂ... ಒಂದೇ ತಂತಿ. ಬಿಕ್ಕುತ್ತ ಬಿಕ್ಕುತ್ತ ಮೇಲೇರಿತು.

ತಿರುಗಿ ಓಡಿದ. ಬೀಗ ಹಾಕಿದ್ದು ಹಾಕಿದಂತೇ ಇತ್ತು. ತೆಗೆದ. ಕತ್ತಲು. ಅವನು ಆರಿಸಿ ಹೋಗಿದ್ದ ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಿತ್ತು. ಸ್ಟೂಲಿನ ಮೇಲೆ ಯಾರೂ ಇಲ್ಲ. ಆದರೆ... ಟಕ್. ಪೆಡಲ್ ಕೆಳಗಿಳಿಯಿತು. ಕಿರ್ರ್... ಮೇಲೆ ಬಂತು.

ಭಯಕ್ಕಿಂತ ಅವನ ಸಂಕಟ ದೊಡ್ಡದಿತ್ತು.

"ಬ್ರದರ್ ಟೊಲಿವರ್..." ಪಿಸುಗುಟ್ಟಿದ. "ಹೊತ್ತಿಲ್ಲ. ಅಮ್ಮ ಹೋಗ್ತಿದಾಳೆ. ಹೇಳ್ಕೊಡಿ... ಆಮೇಲೆ ನನ್ನನ್ನ ಏನು ಬೇಕಾದ್ರೂ ಮಾಡ್ಕೊಳ್ಳಿ."

ಕಿಟಕಿಗಳನ್ನೆಲ್ಲ ತೆರೆದ. ಕೂತ. ಸರಳು ಹಿಡಿದ. ಅವನ ಪಾದದ ಮೇಲೆ ಇನ್ನೊಂದು ಪಾದ ಬಂದು ಕೂತಿತು. ಬರಿಗಾಲು. ತಣ್ಣಗೆ... ಹಗುರ.

"ತುಳೀಬೇಡ..." ಕಿವಿಯ ಹತ್ತಿರ ಬರೀ ಉಸಿರು. "ಮೆಲ್ಲಗೆ... ಬಿಡು."

ಬಿಟ್ಟ. ತಂತಿ ಅತ್ತಿತು. ನಾವೆಲ್ಲ ಮಲಗಿದ್ದಲ್ಲೇ ಎದ್ದು ಕೂತೆವು. ಟೊಲಿವರ್ ಕೂಡ ಹಾಗೆ ನುಡಿಸಿರಲಿಲ್ಲ. ಆ ಪಾದ ಎದ್ದುಹೋಗುವವರೆಗೂ ನುಡಿಸಿದ.

ತಲೆಯೆತ್ತಿದರೆ ಬಾಗಿಲಲ್ಲಿ ವರ್ಲೀನ್.

"ಕೇಳಿಸ್ತೇನೇ ಅಮ್ಮಂಗೆ?"

"ಇಲ್ಲ ಅಣ್ಣಾ... ನೀನು ಶುರು ಮಾಡೋಕ್ಕೆ ಮುಂಚೇನೇ ಹೋಗ್ಬಿಟ್ಳು."

ಎಜೆಲ್ ತಂತಿಗಳ ಮೇಲೆ ಹಣೆ ಇಟ್ಟು ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಬೆಳಿಗ್ಗೆ ಚರ್ಚು ಗುಡಿಸಲು ಹೋದವಳು ನಾನೇ. ಪೆಡಲುಗಳ ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ, ಜೋಡಿಸಿಟ್ಟಂತೆ. ಮನೆಯೊಳಗೆ ಹಾಕುವಂಥ ನೀಲಿ ಬಟ್ಟೆಯವು. ದೊಡ್ಡಮ್ಮನವು. ಹೆಬ್ಬೆರಳು ತಾಗಿ ಹರಿದಲ್ಲಿ ಹೊಲಿಗೆ ಹಾಕಿದ್ದು ನಾನೇ. ಮಂಚದಿಂದ ಇಳಿಯಲಾಗದೆ ಮಲಗಿದ್ದವಳು ಅವಳು... ಚಪ್ಪಲಿಯ ಅಡಿಯಲ್ಲಿ ತೋಟದ ಹಸಿ ಮರಳು ಮೆತ್ತಿತ್ತು. ನೀವು ನಂಬಿ, ಬಿಡಿ. ಆ ಮರಳನ್ನ ಈ ಕೈಯಿಂದಲೇ ಕೊಡವಿದೀನಿ.