ಗೀಸರಿನ ತಂತಿ

ಸೇಡಂನ ಆಸ್ಪತ್ರೆಯಲ್ಲಿ ಎಕ್ಸರೇಗೆ ಕಾಯುತ್ತಿದ್ದ ಗುರುಲಿಂಗಮ್ಮ ಬೆಚ್ಚಿಬಿದ್ದಳು. ಪಕ್ಕದಲ್ಲೇ ಒಬ್ಬ ಯುವಕ ತನ್ನ ಅಕ್ಕನ ಗಂಡನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದ.

“ಖರೇ ಹೇಳ್ರಿ ಮಾಮಾ, ಗೀಸರ್ ಯಾರು ಬಿಚ್ಚಿದ್ದು?”

“ನಾನೇ, ಸಾಯಬಣ್ಣ. ನೀರು ಕಾಯೂ ಮೊದಲೇ ಬಂದ್ ಆಗ್ತಿತ್ತು. ಥರ್ಮೋಸ್ಟಾಟ್ ಕೆಟ್ಟದಂತ ತಗದು, ಎರಡೂ ತಂತಿ ನೇರ ಜೋಡಿಸಿದೆ.”

“ನೀರು ಸಾಕಷ್ಟು ಕಾದ್ರ ಕರೆಂಟ್ ಕಡಿಯೂದೇ ಅದರ ಕೆಲಸ. ಅದನ್ನ ತಗದ್ರ ಕುದಿಯೂದು ನಿಲ್ಲಸೋರು ಯಾರು?”

“ಗೀಸರಿನ ಟಾಕಿ ಒಡದು ಆಕಿ ಮ್ಯಾಲ ಬೀಳ್ತದಂತ ನನಗೇನು ಗೊತ್ತು?”

“ಅಕ್ಕ ಬ್ಯಾಡ ಅಂದಿದ್ದಿಲ್ಲೇನು?”

“ಅಂದಿದ್ದಳು. ಬಾಯಿ ಮುಚ್ಚು ಅಂತ ಹೊಡದೆ.”

ಸಾಯಬಣ್ಣನ ಏಟಿಗೆ ಭಾವನ ತುಟಿ ಒಡೆದು ರಕ್ತ ನೆಲದ ಫರಸಿಯ ಮೇಲೆ ಬಿತ್ತು. ಇನ್ನೊಂದಕ್ಕೆ ಕೈ ಎತ್ತುವಷ್ಟರಲ್ಲಿ ನರ್ಸ್ ಬಾಗಿಲು ತೆರೆದಳು.

“ಜಗದೇವಿ ಕಡೆಯವ್ರು ಯಾರ್ರಿ? ಸುಟ್ಟ ಗಾಯದ ಪಟ್ಟಿ ಬದಲಿ ಮಾಡಬೇಕು. ಆಕಿನ್ನ ಹಿಡಕೊಳ್ಳಾಕ ಬರ್ರಿ.”

ಸಾಯಬಣ್ಣ ಎತ್ತಿದ ಕೈಯಿಂದಲೇ ಭಾವನನ್ನು ಬಾಗಿಲ ಕಡೆಗೆ ನೂಕಿದ.

“ನಡಿ, ನೀನೇ ಹಿಡಕೋ. ಆಕಿ ಚೀರೂದು ಹತ್ತಿರದಿಂದ ಕೇಳು.”

ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚುವ ಮೊದಲೇ ಗುರುಲಿಂಗಮ್ಮ ಎರಡೂ ಕಿವಿ ಮುಚ್ಚಿಕೊಂಡಳು.