ಜೇಬಿನಲ್ಲಿದ್ದ ಸೂಜಿ

ಕೌಂಟಿ ಆಸ್ಪತ್ರೆಯ ಲಿವರ್ ವಿಭಾಗದ ಹೊರಗೆ, ನನ್ನ ಮುಂದಿನ ಬೆಂಚಿನಲ್ಲಿ ಇಬ್ಬರು ಹೆಂಗಸರು ಕುಳಿತಿದ್ದರು. ನಮ್ಮೂರ ಬೇಸ್‌ಬಾಲ್ ತಂಡದ ಬಟ್ಟೆ ಒಗೆಯುವವರು. ಬಲ ಹೆಚ್ಚಿಸುವ ಸ್ಟೀರಾಯ್ಡ್ ಚುಚ್ಚಿಕೊಂಡ ಅನುಮಾನಕ್ಕೆ ಅದೇ ತಂಡದ ಆಟಗಾರ ಡಾರೆಲ್ ಸ್ಟ್ರೌಡ್‌ನ ಅತಿ ಹೆಚ್ಚು ಹೋಮ್‌ರನ್ ಹೊಡೆದ ದಾಖಲೆ ಅಳಿಸಬೇಕೇ ಎಂದು ಟೀವಿಯಲ್ಲಿ ಕೋಟು ತೊಟ್ಟವರು ವಾದಿಸುತ್ತಿದ್ದರು.

"ಸಾಕ್ಷಿ ಇಲ್ವಂತೆ, ಕೇಳಿದ್ಯಾ ಒಡೆಸ್ಸಕ್ಕ?" ಎಂದಳು ಕಿರಿಯಳು.

"ಕೇಳಿದೆ ಕಣೇ ವರ್ನೀಸ್."

"ಸಾಕ್ಷಿ ನೀನೇ ಅಲ್ವಾ? ಒಗೆಯೋ ಮುಂಚೆ, ಅವನು ಆಡ್ತಾ ಮೆಲ್ಲೋ ಸೂರ್ಯಕಾಂತಿ ಬೀಜ ಕೊಡವೋಕೆ ಅಂತ ಅವನ ಪ್ಯಾಂಟಿನ ಜೇಬಿಗೆ ಕೈ ಹಾಕಿ ಸೂಜಿ ಚುಚ್ಚಿಸ್ಕೊಂಡೆ. ಅದರ ಸೋಂಕು ತಗುಲಿ ಈಗ ಲಿವರೇ ಹೋಯ್ತು. ಯಾರಿಗಾದ್ರೂ ಹೇಳಕ್ಕ!"

"ತಂಡದ ಮ್ಯಾನೇಜರಿಗೆ ಅವತ್ತೇ ಹೇಳ್ದೆ."

"ಏನಂದ ಆ ಪುಣ್ಯಾತ್ಮ?"

"ಮಾರನೇ ದಿನ ನಮಗೆಲ್ಲ ದಪ್ಪ ಕೈಗವಸು ತಂದ್ಕೊಟ್ಟ, ಅಷ್ಟೇ."

"ಹಂಗಾದ್ರೆ ಎಲ್ರಿಗೂ ಗೊತ್ತಿತ್ತು! ಆ ದಾಖಲೆ ಅಳಿಸ್ಲೇಬೇಕು."

"ಅಳಿಸಿದ್ರೆ ಅವನೊಬ್ಬನ ಹೆಸರು ಹೋಗುತ್ತೆ. ಸ್ಟೇಡಿಯಂ ತುಂಬಿಸ್ಕೊಂಡ ಧಣಿಗಳದ್ದು ಏನೇ ಹೋಗುತ್ತೆ? ಕೈಗವಸು ತರಿಸಿದವರ ಹೆಸರು ಯಾವ ದಾಖಲೆ ಪುಸ್ತಕದಲ್ಲಿದೆ ತೋರ್ಸು."

"ಇವತ್ತಾದ್ರೂ ಆಸ್ಪತ್ರೆಯವರ ಹತ್ರ ಬರೆಸು. ಫಾರಮ್ಮಲ್ಲಿ ಕಾಯಿಲೆ ಹೆಂಗೆ ಬಂತು ಅನ್ನೋ ಜಾಗ ಖಾಲಿ ಬಿಟ್ಟಿದೀಯ."

"ನನ್ನ ಮಾತು ಯಾರು ನಂಬ್ತಾರೆ?"

"ಹೇಳಿ ನೋಡು."

ನರ್ಸ್ ಬಾಗಿಲು ತೆರೆದು ಒಡೆಸ್ಸಳ ಹೆಸರು ಕೂಗಿದಳು. ಫಾರಂ ತಿರುವಿ ಹಾಕಿದಳು.

"ಹೇಗೆ ಬಂತು ಅಂತ ಬರೆದಿಲ್ವಲ್ಲ, ಅಮ್ಮ?"

ಒಡೆಸ್ಸ ಎದ್ದು ನಿಂತು, ಟೀವಿಯಲ್ಲಿ ಬರುತ್ತಿದ್ದ ಸ್ಟ್ರೌಡ್‌ನ ಚಿತ್ರದತ್ತ ಬೆರಳು ತೋರಿದಳು.

"ಅವನ ಪ್ಯಾಂಟಿನ ಜೇಬಿಂದ."

ನರ್ಸಿಗೆ ನಗು ತಡೆಯಲಾಗಲಿಲ್ಲ. "ಚೆನ್ನಾಗಿ ತಮಾಷೆ ಮಾಡ್ತೀರಿ" ಎಂದು 'ಗೊತ್ತಿಲ್ಲ' ಎಂಬಲ್ಲಿ ಗುರುತು ಹಾಕಿ, ಅವರಿಬ್ಬರನ್ನೂ ಒಳಗೆ ಕರೆದುಕೊಂಡು ಹೋದಳು.